ಮೂರು ಕಲ್ಲಿನ ಒಲೆಯೂ ಟ್ರ್ಯಾಕ್ಟರಿನ ಬೆನ್ನೂ

“ಇನ್ನೊಂಚೂರು ಹಿಂದಕ್ಕೆ ಬಾ... ಬಾ... ಬಾ... ಸಾಕು! ಅಯ್ಯೋ, ಜಾಸ್ತಿ ಬಂತು. ಮುಂದಕ್ಕೆ ಹೋಗು.”

ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಬೆಳಬೆಳಿಗ್ಗೆ ಈ ಕೂಗು ಕೇಳಿಸುತ್ತಿರುತ್ತದೆ. ಒಬ್ಬರು ಟ್ರ್ಯಾಕ್ಟರಿನ ಸೀಟಿನಲ್ಲಿ ಕತ್ತು ಹಿಂದಕ್ಕೆ ತಿರುಗಿಸಿ ಕೂತಿರುತ್ತಾರೆ. ಇನ್ನೊಬ್ಬರು ಕಲ್ಟಿವೇಟರ್ ಪಕ್ಕದಲ್ಲಿ ಹಾರೆ ಹಿಡಿದು ನಿಂತಿರುತ್ತಾರೆ. ಟ್ರ್ಯಾಕ್ಟರಿನ ಎರಡು ಕಬ್ಬಿಣದ ತೋಳುಗಳ ತುದಿಯಲ್ಲಿರುವ ತೂತಿಗೂ ಕಲ್ಟಿವೇಟರ್‌ನ ಪಿನ್ನಿಗೂ ಎರಡೇ ಬೆರಳು ಅಂತರ. ಆ ಎರಡು ಬೆರಳನ್ನು ಮುಚ್ಚುವುದಕ್ಕೆ ಇಬ್ಬರು ದೊಡ್ಡವರು ಬೆವರು ಸುರಿಸುತ್ತಾರೆ.

ಹುಣಸೂರು ತಾಲ್ಲೂಕಿನ ನಮ್ಮ ಮಾವನ ಮನೆಯಲ್ಲಿ ನಾನೂ ಇದನ್ನು ನೋಡುತ್ತ ನಿಂತಿದ್ದೆ. ಪಕ್ಕದಲ್ಲಿ ಮಾವನ ಮೊಮ್ಮಗಳು, ಏಳನೇ ತರಗತಿ. ಅವಳ ಕೈಯಲ್ಲಿ ಅಪ್ಪನ ವಾಚು. ಕಲ್ಟಿವೇಟರ್ ಬಿಚ್ಚಿ ರೋಟರಿ ಕಟ್ಟುವುದಕ್ಕೆ ಎಷ್ಟು ಹೊತ್ತು ಆಗುತ್ತದೆಂದು ಅವಳು ಲೆಕ್ಕ ಹಾಕುತ್ತಿದ್ದಳು. ಅವತ್ತು ಇಪ್ಪತ್ತಾರು ನಿಮಿಷ ಆಯಿತು. ಅದರಲ್ಲಿ ಅವಳ ಅಪ್ಪ ಸೀಟಿನಿಂದ ಇಳಿದು ಹತ್ತಿದ್ದು ಒಂಬತ್ತು ಸಲ.

“ಇಪ್ಪತ್ತಾರು ನಿಮಿಷ ಏನು ಮಹಾ?” ಎಂದು ನೀವು ಕೇಳಬಹುದು. ಇಲ್ಲಿಯ ಕೆಂಪು ಮಣ್ಣಿನ ಸ್ವಭಾವ ತಿಳಿದರೆ ಹಾಗೆ ಕೇಳುವುದಿಲ್ಲ. ಮಳೆ ಬಿದ್ದ ಮಾರನೆಯ ದಿನ ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ಅದಾಗಿ ನಾಲ್ಕೈದು ದಿನ ಬಿಸಿಲು ಹೊಡೆದರೆ ಇಟ್ಟಿಗೆಯಂತೆ ಬಿಗಿಯುತ್ತದೆ. ಇವೆರಡರ ನಡುವೆ ಎರಡು ಮೂರು ದಿನ ಮಾತ್ರ ಅದು ಹದವಾಗಿರುತ್ತದೆ. ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಟ್ಟರೆ ಪುಡಿಪುಡಿಯಾಗಬೇಕು. ಅದು ಹದ. ಆ ಹದದೊಳಗೆ ಉಳಬೇಕು, ಹೆಂಟೆ ಒಡೆಯಬೇಕು, ಹೊಗೆಸೊಪ್ಪಿನ ಸಸಿಗೆ ಅಥವಾ ಶುಂಠಿಗೆ ಸಾಲು ಹೊಡೆಯಬೇಕು. ಉಳುವುದಕ್ಕೆ ಕಲ್ಟಿವೇಟರ್, ಹೆಂಟೆ ಒಡೆಯುವುದಕ್ಕೆ ರೋಟರಿ, ಸಾಲಿಗೆ ರಿಡ್ಜರ್, ಗೊಬ್ಬರ ಸಾಗಿಸುವುದಕ್ಕೆ ಟ್ರೈಲರ್. ಅಂದರೆ ಒಂದೇ ದಿನದಲ್ಲಿ ಮೂರು ನಾಲ್ಕು ಸಲ ಬಿಚ್ಚಿ ಕಟ್ಟುವ ಕೆಲಸ. ಟ್ರ್ಯಾಕ್ಟರ್ ಬಾಡಿಗೆಗೆ ಬಂದಿದ್ದರಂತೂ ಪಕ್ಕದ ಹೊಲದವರು ಬದುವಿನ ಮೇಲೆ ಕಾಯುತ್ತ ನಿಂತಿರುತ್ತಾರೆ.

ಹುಡುಗಿ ವಾಚಿನಿಂದ ತಲೆಯೆತ್ತಿ ಕೇಳಿದಳು: “ಅಪ್ಪ, ಮೂರೇ ಕಡೆ ಯಾಕೆ ಸಿಕ್ಕಿಸೋದು? ನಾಲ್ಕು ಕಡೆ ಸಿಕ್ಕಿಸಿದ್ರೆ ಇನ್ನೂ ಗಟ್ಟಿ ಇರಲ್ವಾ?”

ಅವಳಪ್ಪನಿಗೆ ಉತ್ತರ ಹೇಳುವ ಬಿಡುವಿರಲಿಲ್ಲ. ಜಗಲಿಯ ಮೇಲಿದ್ದ ಅವಳ ತಾತ, ಅಂದರೆ ನಮ್ಮ ಮಾವ, ಹಿತ್ತಲ ಕಡೆ ಕೈ ತೋರಿಸಿದರು. ಅಲ್ಲಿ ನೀರು ಕಾಯಿಸುವ ಒಲೆ ಇತ್ತು, ಮೂರು ಕಲ್ಲಿನದು. “ಆ ಒಲೆಗೆ ಎಷ್ಟು ಕಲ್ಲು ಅವೆ ನೋಡವ್ವ. ಹಂಡೆ ಯಾವತ್ತಾದ್ರೂ ಅಲ್ಲಾಡಿದ್ದು ನೋಡಿದ್ದೀಯಾ?”

ಇದನ್ನು ನೀವೂ ಪರೀಕ್ಷಿಸಿ ನೋಡಬಹುದು. ಅಂಗಳದಲ್ಲಿ ಎಲ್ಲಾದರೂ ಸರಿ, ಏರುಪೇರಾದ ಜಾಗದಲ್ಲೇ ಮೂರು ಕಲ್ಲಿಟ್ಟು ಅದರ ಮೇಲೆ ಒಂದು ತಟ್ಟೆ ಇಡಿ. ತಟ್ಟೆ ಒಂದು ಕಡೆಗೆ ವಾಲಿರಬಹುದು, ಆದರೆ ಕಟಕಟ ಎಂದು ಅಲ್ಲಾಡುವುದಿಲ್ಲ. ಈಗ ನಾಲ್ಕನೇ ಕಲ್ಲು ಇಡಿ. ಅದು ಒಂಚೂರು ಗಿಡ್ಡವಾದರೆ ತಟ್ಟೆಗೆ ಮುಟ್ಟುವುದೇ ಇಲ್ಲ. ಒಂಚೂರು ಎತ್ತರವಾದರೆ ಉಳಿದ ಮೂರರಲ್ಲಿ ಒಂದು ಕೆಲಸ ಕಳೆದುಕೊಳ್ಳುತ್ತದೆ. ಶಾಲೆಯ ನಾಲ್ಕು ಕಾಲಿನ ಬೆಂಚು ಅಲ್ಲಾಡುವುದೂ, ಅದರ ಕಾಲಿನ ಕೆಳಗೆ ನೀವು ಕಾಗದ ಮಡಚಿ ಇಡುವುದೂ ಇದರಿಂದಲೇ. ಒಂದೇ ಗೆರೆಯಲ್ಲಿಲ್ಲದ ಮೂರು ಬಿಂದುಗಳಿದ್ದರೆ ಅವುಗಳ ಮೇಲೆ ಒಂದು ಸಮತಲ ಕೂತೇ ಕೂರುತ್ತದೆ. ನಾಲ್ಕನೆಯದು ಬಂದರೆ ತಕರಾರು ಶುರು.

ಮೂರು ಬಿಂದುಗಳ ಈ ಗುಣವನ್ನು ಟ್ರ್ಯಾಕ್ಟರಿನ ಬೆನ್ನಿಗೆ ತಂದವರು ಐರ್ಲೆಂಡಿನ ಒಬ್ಬ ರೈತನ ಮಗ, ಹ್ಯಾರಿ ಫರ್ಗ್ಯೂಸನ್. ಹುಟ್ಟಿದ್ದು 1884ರಲ್ಲಿ. 1909ರ ಡಿಸೆಂಬರ್ 31ರಂದು ತಾವೇ ಕಟ್ಟಿದ ವಿಮಾನದಲ್ಲಿ ಹಾರಿದರು. ಐರ್ಲೆಂಡಿನಲ್ಲಿ ವಿಮಾನ ಹಾರಿಸಿದವರಲ್ಲಿ ಅವರೇ ಮೊದಲಿಗರು. ಆದರೆ ಅವರ ಹೆಸರು ನೆಲದ ಮೇಲೆಯೇ ಹೆಚ್ಚು ಉಳಿಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಐರ್ಲೆಂಡಿನ ಹೊಲಗಳಲ್ಲಿ ಓಡಾಡುತ್ತಿದ್ದ ಟ್ರ್ಯಾಕ್ಟರುಗಳನ್ನು ನೋಡಿಕೊಳ್ಳುವ ಕೆಲಸ ಅವರಿಗೆ ಬಂತು. ಅಲ್ಲಿ ಅವರು ಒಂದು ಭಯಾನಕ ವಿಷಯ ಗಮನಿಸಿದರು. ಆಗ ನೇಗಿಲನ್ನು ಎತ್ತಿನ ಹಿಂದೆ ಕಟ್ಟುವಂತೆಯೇ ಟ್ರ್ಯಾಕ್ಟರಿನ ಹಿಂದೆ ಸರಪಳಿಯಲ್ಲೋ ಕಂಬಿಯಲ್ಲೋ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಎತ್ತು ನಿಂತುಬಿಡುತ್ತದೆ, ಎಂಜಿನ್ ನಿಲ್ಲುವುದಿಲ್ಲ. ಹಿಂದಿನ ಚಕ್ರ ಮುಂದಕ್ಕೆ ಉರುಳಲಾಗದಿದ್ದಾಗ, ಅದನ್ನು ತಿರುಗಿಸುತ್ತಿದ್ದ ಬಲ ಟ್ರ್ಯಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ತಿರುಗಿಸಿಬಿಡುತ್ತದೆ. ಮೂತಿ ಮೇಲಕ್ಕೆದ್ದು, ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಓಡಿಸುವವನ ಮೇಲೇ ಬೀಳುತ್ತಿತ್ತು.

ಇದಕ್ಕೆ ಫರ್ಗ್ಯೂಸನ್ ಕಂಡುಕೊಂಡ ಪರಿಹಾರವನ್ನು ತಿಳಿಯಲು ಒಂದು ಬಾಚಣಿಗೆ ತೆಗೆದುಕೊಳ್ಳಿ. ಮರಳಿನಲ್ಲಿ ಅದರ ಹಲ್ಲು ಊರಿ, ಕೆಳಗಡೆ ಎರಡು ಬದಿಗೆ ದಾರ ಕಟ್ಟಿ ಮುಂದಕ್ಕೆ ಎಳೆಯಿರಿ. ಹಲ್ಲುಗಳನ್ನು ಮರಳು ಹಿಂದಕ್ಕೆ ಹಿಡಿಯುತ್ತದೆ, ಬಾಚಣಿಗೆಯ ತಲೆ ಮುಂದಕ್ಕೆ ಬೀಳುತ್ತದೆ. ಈಗ ತಲೆಯ ಮಧ್ಯಕ್ಕೆ ಒಂದು ಬೆರಳು ಒತ್ತಿ ಹಿಡಿದು ಎಳೆಯಿರಿ. ನೆಟ್ಟಗೆ ನಿಲ್ಲುತ್ತದೆ. ಆ ಎರಡು ದಾರಗಳೇ ಟ್ರ್ಯಾಕ್ಟರಿನ ಕೆಳಗಿನ ಎರಡು ತೋಳುಗಳು. ಅವು ಎಳೆಯುತ್ತವೆ. ನಿಮ್ಮ ಬೆರಳೇ ಮೇಲಿನ ಟಾಪ್ ಲಿಂಕ್. ಅದು ತಡೆಯುತ್ತದೆ. ನಿಮ್ಮ ಬೆರಳಿನ ಮೇಲೆ ಬಾಚಣಿಗೆ ಎಷ್ಟು ಜೋರಾಗಿ ಒತ್ತಿತು ಎಂಬುದನ್ನೂ ಗಮನಿಸಿ. ಮರಳು ಗಟ್ಟಿಯಿದ್ದಷ್ಟೂ ಒತ್ತಡ ಹೆಚ್ಚು. ಟ್ರ್ಯಾಕ್ಟರಿನಲ್ಲೂ ಹಾಗೆಯೇ. ಗುಳಕ್ಕೆ ಗಟ್ಟಿ ನೆಲ ಸಿಕ್ಕಿದರೆ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತದೆ, ಟ್ರ್ಯಾಕ್ಟರಿನ ಮೂತಿ ಮೇಲೇಳದಂತೆ ತಡೆಯುತ್ತದೆ. ಹೈಡ್ರಾಲಿಕ್ ಅದನ್ನು ಗ್ರಹಿಸಿ ನೇಗಿಲನ್ನು ತುಸು ಮೇಲೆತ್ತುತ್ತದೆ. ಮಣ್ಣು ಮೆತ್ತಗಾದರೆ ಮತ್ತೆ ಇಳಿಸುತ್ತದೆ. ಮಣ್ಣಿನ ಸುದ್ದಿಯನ್ನು ಟ್ರ್ಯಾಕ್ಟರಿಗೆ ಮುಟ್ಟಿಸುವ ಕಬ್ಬಿಣದ ಬೆರಳು ಅದು.

1938ರ ಅಕ್ಟೋಬರಿನಲ್ಲಿ ಫರ್ಗ್ಯೂಸನ್ ತಮ್ಮ ಟ್ರ್ಯಾಕ್ಟರನ್ನು ಅಮೆರಿಕಕ್ಕೆ ಒಯ್ದು ಹೆನ್ರಿ ಫೋರ್ಡ್ ಅವರಿಗೆ ತೋರಿಸಿದರು. ಜೊತೆಗೆ ಕೀಲಿ ಕೊಟ್ಟರೆ ಓಡುವ ಒಂದು ಆಟಿಕೆ ಟ್ರ್ಯಾಕ್ಟರನ್ನೂ ಒಯ್ದಿದ್ದರು. ಅದನ್ನು ಮೇಜಿನ ಮೇಲೆ ಓಡಿಸಿ ತಮ್ಮ ತತ್ವ ವಿವರಿಸಿದರು. ಕಾಗದಪತ್ರವಿಲ್ಲದೆ, ಬರೀ ಕೈ ಕುಲುಕಿ ಒಪ್ಪಂದವಾಯಿತು. ಮಾರನೆಯ ವರ್ಷವೇ ಫೋರ್ಡ್ ಕಾರ್ಖಾನೆಯಿಂದ ಮೂರು ಬಿಂದುಗಳ ಟ್ರ್ಯಾಕ್ಟರ್ ಹೊರಬಂತು. ಬರೀ ಕೈಯ ಮೇಲೆ ನಿಂತ ಆ ಒಪ್ಪಂದ ಮುಂದೆ ಕೋರ್ಟು ಕಚೇರಿಗೆ ಹೋಯಿತೆಂಬುದು ದುಃಖದ ಸಂಗತಿ. ಆದರೆ ಮೂರು ಬಿಂದುಗಳು ಗೆದ್ದವು. ಇವತ್ತು ಜಗತ್ತಿನ ಬಹುತೇಕ ಎಲ್ಲ ಕಂಪನಿಗಳ ಟ್ರ್ಯಾಕ್ಟರಿನ ಹಿಂದೆ ಅವೇ ಇವೆ. ನಮ್ಮ ಕಡೆ ‘ಮೆಸ್ಸಿ’ ಎಂದು ಕರೆಯುವ ಟ್ರ್ಯಾಕ್ಟರಿನ ಬಾನೆಟ್ ಮೇಲಿನ ಪೂರ್ತಿ ಹೆಸರನ್ನು ಒಮ್ಮೆ ಓದಿ ನೋಡಿ. ಮ್ಯಾಸ್ಸಿ ಫರ್ಗ್ಯೂಸನ್. ಆ ಎರಡನೆಯ ಹೆಸರು ಇವರದೇ.

ಹೆಸರಿಗಿಂತ ದೊಡ್ಡ ಉಪಕಾರ ಇನ್ನೊಂದಿದೆ. ಮೂರು ಬಿಂದುಗಳಿಗೆ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಅಳತೆಗಳಿವೆ. ಸಣ್ಣ ಮತ್ತು ಮಧ್ಯಮ ಟ್ರ್ಯಾಕ್ಟರುಗಳ ಒಂದನೇ ವರ್ಗದಲ್ಲಿ ಕೆಳಗಿನ ಪಿನ್ನು 22 ಮಿ.ಮೀ. ದಪ್ಪ, ಮೇಲಿನದು 19 ಮಿ.ಮೀ. ಹೆಚ್ಚು ಶಕ್ತಿಯ ಟ್ರ್ಯಾಕ್ಟರುಗಳ ಎರಡನೇ ವರ್ಗದಲ್ಲಿ ಕೆಳಗಿನದು 28, ಮೇಲಿನದು 25. ಹಾಗಾಗಿ ಪಂಜಾಬಿನಲ್ಲಿ ಮಾಡಿದ ರೋಟರಿಯನ್ನು ಚೆನ್ನೈಯಲ್ಲಿ ಮಾಡಿದ ಟ್ರ್ಯಾಕ್ಟರಿಗೆ ಹುಣಸೂರಿನಲ್ಲಿ ಕಟ್ಟಬಹುದು. ಯಾರದೋ ಮನೆಯ ಚಾರ್ಜರ್ ನಿಮ್ಮ ಫೋನಿಗೆ ಹೊಂದಿದ ಹಾಗೆ.

ಆದರೆ ಕಟ್ಟುವ ಕಷ್ಟ ಹಾಗೇ ಉಳಿಯಿತು. ಮೊದಲು ಎಡದ ತೋಳು, ಆಮೇಲೆ ಬಲದ್ದು, ಏಕೆಂದರೆ ಬಲದ ತೋಳನ್ನು ಹಿಡಿ ತಿರುಗಿಸಿ ಮೇಲೆ ಕೆಳಗೆ ಮಾಡಬಹುದು. ಕೊನೆಗೆ ಟಾಪ್ ಲಿಂಕ್. ಅದರ ನಡುವೆ ನಾಲ್ಕುನೂರು ಕಿಲೋ ತೂಗುವ ರೋಟರಿಯನ್ನು ಹಾರೆಯಿಂದ ಮೀಟಿ ಸರಿಸಬೇಕು. ಮೀಟುವವರು ನಿಲ್ಲುವ ಜಾಗ ಯಾವುದು ಗೊತ್ತೇ? ಟ್ರ್ಯಾಕ್ಟರಿಗೂ ರೋಟರಿಗೂ ನಡುವೆ. ಕ್ಲಚ್ ಮೇಲಿನ ಕಾಲು ಒಮ್ಮೆ ಜಾರಿದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ನಾನು ಈ ಬರಹ ಬರೆಯಲು ಕುಳಿತದ್ದೇ ಆ ಜಾಗದ ಕಾರಣಕ್ಕೆ. ಅಲ್ಲಿ ಯಾರೂ ನಿಲ್ಲಬಾರದು. ದೊಡ್ಡವರು ನಿಂತಿದ್ದರೂ ನೀವು ನಿಲ್ಲಬೇಡಿ, ಅವರಿಗೂ ಹೇಳಿ.

ಮಾರನೆಯ ವರ್ಷ ಹೋದಾಗ ಮಾವನ ಶೆಡ್ಡಿನಲ್ಲಿ ಒಂದು ಹೊಸ ವಸ್ತು ಇತ್ತು. ಕ್ವಿಕ್ ಹಿಚ್. ದಪ್ಪ ಉಕ್ಕಿನ ಕೊಳವೆಯ ಒಂದು ತ್ರಿಕೋನ, ಮನೆಯ ಮಾಡಿನ ಹಾಗೆ ತುದಿ ಮೇಲಕ್ಕೆ. ಅದನ್ನು ಟ್ರ್ಯಾಕ್ಟರಿನ ಮೂರು ಬಿಂದುಗಳಿಗೆ ಒಮ್ಮೆ ಸಿಕ್ಕಿಸಿದರೆ ಆಯಿತು, ಅದು ಅಲ್ಲೇ ಇರುತ್ತದೆ. ಅದರ ಮೇಲೆ ಕವುಚಿ ಕೂರುವಂಥ ಇನ್ನೊಂದು ತ್ರಿಕೋನ ಪ್ರತಿ ಉಪಕರಣದ ಮುಂದೆ ಇರಬೇಕು. ಟ್ರ್ಯಾಕ್ಟರ್ ಹಿಂದಕ್ಕೆ ಬಂದು, ತನ್ನ ತ್ರಿಕೋನವನ್ನು ಆ ತ್ರಿಕೋನದ ಬುಡಕ್ಕೆ ತೂರಿಸಿ, ಲಿಫ್ಟ್ ಎತ್ತುತ್ತದೆ. ಒಂದು ಇನ್ನೊಂದರೊಳಗೆ ಕೂರುತ್ತದೆ. ಮೇಲಿನ ಸ್ಪ್ರಿಂಗ್ ಕೊಂಡಿ ‘ಟಕ್’ ಎಂದು ಬೀಳುತ್ತದೆ. ಬಿಚ್ಚಬೇಕಾದರೆ ಉಪಕರಣವನ್ನು ನೆಲಕ್ಕಿಳಿಸಿ, ಸೀಟಿನಿಂದಲೇ ಒಂದು ಹಗ್ಗ ಎಳೆದು, ಲಿಫ್ಟ್ ಇಳಿಸಿ ಮುಂದಕ್ಕೆ ಹೋದರೆ ಸರಿ. ನಡುವೆ ಯಾರೂ ನಿಲ್ಲಬೇಕಿಲ್ಲ. ಕ್ವಿಕ್ ಹಿಚ್‌ನಲ್ಲಿ ಬೇರೆ ಬಗೆಗಳೂ ಇವೆ. ತಲೆಕೆಳಗಾದ ‘ಯು’ ಆಕಾರದ ಚೌಕಟ್ಟಿಗೆ ಮೂರು ಕೊಕ್ಕೆಗಳಿರುವುದು ಒಂದು, ತೋಳುಗಳ ತುದಿಯೇ ಕೊಕ್ಕೆಯಾಗಿರುವುದು ಇನ್ನೊಂದು. ನನಗೆ ತ್ರಿಕೋನದ್ದೇ ಹೆಚ್ಚು ಇಷ್ಟ, ಏಕೆಂದರೆ ಅದು ತಪ್ಪನ್ನು ತಾನೇ ತಿದ್ದುತ್ತದೆ.

ಹೇಗೆಂದು ನೋಡಿ. ಮದುವೆ ಮನೆಯಲ್ಲಿ ಅಡಿಕೆ ಹಾಳೆಯ ದೊನ್ನೆಗಳನ್ನು ಒಂದರೊಳಗೊಂದು ಪೇರಿಸಿಟ್ಟಿರುತ್ತಾರೆ. ಒಂದು ದೊನ್ನೆಯನ್ನು ಕಣ್ಣು ಮುಚ್ಚಿಕೊಂಡು ಇನ್ನೊಂದರೊಳಗೆ ಬಿಡಿ. ಸ್ವಲ್ಪ ಓರೆಯಾಗಿ ಬಿಟ್ಟರೂ ಜಾರಿಕೊಂಡು ಮಧ್ಯಕ್ಕೇ ಹೋಗಿ ಕೂರುತ್ತದೆ. ನೆಟ್ಟಗಿನ ಗೋಡೆಯ ಎರಡು ಡಬ್ಬಿಗಳಲ್ಲಿ ಹೀಗಾಗುವುದಿಲ್ಲ, ಅಂಚಿಗೆ ಅಂಚು ಬಡಿದು ನಿಲ್ಲುತ್ತದೆ. ಇಳಿಜಾರಾದ ಗೋಡೆ ಮೇಲಿಂದ ಬರುವ ಬಲವನ್ನು ಪಕ್ಕಕ್ಕೆ ತಳ್ಳುವ ಬಲವಾಗಿ ತಿರುಗಿಸುತ್ತದೆ. ಲಾಳಿಕೆಯಲ್ಲಿ ಸುರಿದ ಎಣ್ಣೆ ಶೀಶೆಯ ಬಾಯಿಯನ್ನು ಹುಡುಕಬೇಕಾಗಿಲ್ಲವಲ್ಲ, ಹಾಗೆ. ಟ್ರ್ಯಾಕ್ಟರಿನ ತ್ರಿಕೋನದ ಮೊನಚಾದ ತುದಿ ಮೊದಲು ಒಳಗೆ ಹೋಗುತ್ತದೆ. ಅದು ಹೋಗುವುದು ಇನ್ನೊಂದು ತ್ರಿಕೋನದ ಅಗಲವಾದ ಬುಡದೊಳಕ್ಕೆ. ಮೊನಚು ಚಿಕ್ಕದು, ಬಾಯಿ ದೊಡ್ಡದು. ಟ್ರ್ಯಾಕ್ಟರ್ ಎರಡು ಮೂರು ಇಂಚು ಆಚೀಚೆ ನಿಂತರೂ ಪರವಾಗಿಲ್ಲ. ಲಿಫ್ಟ್ ಎತ್ತುತ್ತ ಹೋದಂತೆ ಇಳಿಜಾರಿನ ಬದಿಗಳು ಒಂದನ್ನೊಂದು ಮಧ್ಯಕ್ಕೆ ಸರಿಸುತ್ತವೆ. ಹಾರೆ ಹಿಡಿದವರು ಮಾಡುತ್ತಿದ್ದ ಕೆಲಸವನ್ನು ಆಕಾರವೊಂದೇ ಮಾಡುತ್ತದೆ.

ತ್ರಿಕೋನಕ್ಕೆ ಇನ್ನೊಂದು ಗುಣವುಂಟು. ರಟ್ಟಿನ ನಾಲ್ಕು ಪಟ್ಟಿಗಳ ತುದಿಗೆ ಗುಂಡುಸೂಜಿ ಚುಚ್ಚಿ ಚೌಕ ಮಾಡಿ, ಒಂದು ಮೂಲೆ ಒತ್ತಿ. ಸಪ್ಪಗೆ ವಾಲಿಬಿಡುತ್ತದೆ. ಮೂರು ಪಟ್ಟಿಗಳ ತ್ರಿಕೋನವನ್ನು ಒತ್ತಿ. ಪಟ್ಟಿ ಮುರಿಯಬೇಕೇ ಹೊರತು ಆಕಾರ ಬಿಡುವುದಿಲ್ಲ. ಹಳೆಯ ಶಾಲೆಗಳ ಹೆಂಚಿನ ಮಾಡನ್ನು ಕೆಳಗಿನಿಂದ ನೋಡಿದರೆ ಮರದ ತ್ರಿಕೋನಗಳ ಸಾಲೇ ಕಾಣಿಸುತ್ತದೆ.

ಇಷ್ಟೆಲ್ಲ ಗುಣವಂತ ಹಿಚ್ ಮನೆಗೆ ಬಂದ ಮೊದಲ ದಿನ ಮಾತ್ರ ಎಲ್ಲದಕ್ಕೂ ಹೊಂದಲಿಲ್ಲ. ಜೊತೆಗೆ ಕೊಟ್ಟಿದ್ದ ಉಪಕರಣದ ತ್ರಿಕೋನ ಒಂದೇ, ಮಾವನ ಮನೆಯ ಉಪಕರಣಗಳು ಮೂರು. ರೋಟರಿಗೆ ಅದು ಸರಿಯಾಗಿ ಕೂತಿತು. ಕಲ್ಟಿವೇಟರ್ ಹಳೆಯದು, ಊರಿನ ಕಡೆಯೇ ಮಾಡಿಸಿದ್ದು. ಒಂದನೇ ವರ್ಗದಲ್ಲಿ ಕೆಳಗಿನ ಪಿನ್ನುಗಳಿಂದ ಮೇಲಿನ ಪಿನ್ನಿಗೆ ಸುಮಾರು 18 ಇಂಚು ಎತ್ತರವಿರಬೇಕು. ಇದಕ್ಕೆ 21 ಇತ್ತು. ರಿಡ್ಜರ್‌ನ ಪಿನ್ನುಗಳೋ ಸವೆದು ಸಣ್ಣಗಾಗಿ ತೂತಿನಲ್ಲಿ ಗಿಲಕಿಯ ಹಾಗೆ ಆಡುತ್ತಿದ್ದವು.

ಆ ಭಾನುವಾರ ನಾವೆಲ್ಲ ಹುಣಸೂರಿನ ಒಂದು ವೆಲ್ಡಿಂಗ್ ಶಾಪಿನಲ್ಲಿ ಕಳೆದೆವು. ನನಗೆ ಆ ದಿನ ಕಾರ್ಖಾನೆ ನೋಡಿದ ದಿನಗಳಿಗಿಂತ ಹೆಚ್ಚು ನೆನಪಿದೆ. ಶಾಪಿನ ಯಜಮಾನರು ಮೊದಲು ಕೈಗೆತ್ತಿಕೊಂಡದ್ದು ಸುಣ್ಣದ ಕಡ್ಡಿಯನ್ನು. ಮೂರೂ ಉಪಕರಣಗಳನ್ನು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಕೆಳಗಿನ ಪಿನ್ನುಗಳ ಎತ್ತರ ಒಂದೇ ಆಗುವಂತೆ ಕಲ್ಲು ಕೊಟ್ಟು, ಹಿಂದಿನ ಗೋಡೆಯ ಮೇಲೆ ಮೂರರ ಮೇಲಿನ ಪಿನ್ನಿನ ಮಟ್ಟವನ್ನೂ ಗೆರೆ ಎಳೆದರು. ಗೋಡೆಯ ಮೇಲೆ ಮೂರು ಗೆರೆಗಳು ಮೂರು ಕಡೆ. “ಇದು ನೋಡಿ ನಿಮ್ಮ ತೊಂದರೆ” ಎಂದರು. ಅಳತೆ ತೆಗೆಯುವುದು ಎಂದರೆ ತೊಂದರೆಯನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಎಂದು ನಾನು ಕಲಿತದ್ದು ಆ ಗೋಡೆಯಿಂದ.

ರಿಡ್ಜರ್‌ಗೆ ಹೊಸ ಪಿನ್ನು, ಅದರ ಮೇಲೆ ಸರಿಯಾದ ದಪ್ಪದ ಬುಷ್. ಬುಷ್ ಎಂದರೆ ಉಕ್ಕಿನ ಬಳೆ ಎಂದುಕೊಳ್ಳಿ. ತೂತು ದೊಡ್ಡದು, ಪಿನ್ನು ಚಿಕ್ಕದು ಆದಾಗ ನಡುವಿನ ಜಾಗ ತುಂಬುವುದು ಅದೇ. ‘ಯು’ ಆಕಾರದ ಹಿಚ್ ತಂದವರಿಗೆ ಇದು ಬೇಕೇ ಬೇಕು, ಏಕೆಂದರೆ ಅದರ ಕೆಳಗಿನ ಕೊಕ್ಕೆಗಳು ಸುಮಾರು 36 ಮಿ.ಮೀ. ದಪ್ಪದ ಬುಷ್‌ಗೆ ಅಂತಲೇ ಮಾಡಿದವು. ಅದರಲ್ಲಿ 22ರ ಪಿನ್ನನ್ನು ಬರಿದೇ ಕೂರಿಸಿದರೆ ಒಂದೊಂದು ಕುಲುಕಾಟಕ್ಕೂ ಬಡಿದು ಬಡಿದು ಎರಡೂ ಹಾಳಾಗುತ್ತವೆ.

ಕಲ್ಟಿವೇಟರ್‌ಗೆ ಅವರು ದಪ್ಪ ಪಟ್ಟಿಯಿಂದ ಒಂದು ಬ್ರಾಕೆಟ್ ಮಾಡಿ, ಅದರಲ್ಲಿ ಒಂದರ ಹಿಂದೆ ಒಂದು ನಾಲ್ಕು ತೂತು ಕೊರೆದರು. ಒಂದು ಸಾಕಲ್ಲ, ನಾಲ್ಕು ಯಾಕೆ ಎಂದು ಹುಡುಗಿ ಕೇಳಿದಳು. ಉತ್ತರ ಬಂದದ್ದು ತಾತನಿಂದ.

ತಾತ ಎತ್ತು ಕಟ್ಟಿ ಉತ್ತವರು. ಕೆ.ಆರ್. ನಗರದ ಕಡೆಯ ಚುಂಚನಕಟ್ಟೆ ಜಾತ್ರೆಯಲ್ಲಿ ಕೊಂಡ ಹಳ್ಳಿಕಾರ್ ಜೋಡಿಯ ಬಗ್ಗೆ ಈಗಲೂ ಮನೆಯ ಮಕ್ಕಳ ಬಗ್ಗೆ ಹೇಳುವಂತೆ ಹೇಳುತ್ತಾರೆ. “ನೇಗ್ಲು ಈಸಿಗೆ ನಾಲ್ಕೈದು ಕಚ್ಚು ಇರ್ತಿತ್ತು ಕಣವ್ವ. ನೊಗಾನ ಯಾವ ಕಚ್ಚಿಗೆ ಕಟ್ಟಬೇಕು ಅನ್ನೋದೇ ಬೇಸಾಯ. ಮುಂದಿನ ಕಚ್ಚಿಗೆ ಕಟ್ಟಿದ್ರೆ ಗುಳ ಆಳಕ್ಕೆ ಇಳೀತದೆ. ಹಿಂದಿನ ಕಚ್ಚಿಗೆ ಕಟ್ಟಿದ್ರೆ ಮೇಲ್ ಮೇಲೆ ಓಡ್ತದೆ.”

ಇದು ಯಾಕೆ ಹೀಗೆ? ಎತ್ತಿನ ಹೆಗಲಿನ ಎತ್ತರ ಬದಲಾಗುವುದಿಲ್ಲ. ಗೋಡೆಗೆ ಒರಗಿಸಿದ ಏಣಿಯನ್ನು ನೆನೆಸಿಕೊಳ್ಳಿ. ಅಷ್ಟೇ ಎತ್ತರಕ್ಕೆ ಉದ್ದನೆಯ ಏಣಿ ಇಟ್ಟರೆ ಅದು ಹೆಚ್ಚು ಮಲಗಿರುತ್ತದೆ, ಗಿಡ್ಡ ಏಣಿ ಇಟ್ಟರೆ ನೆಟ್ಟಗಿರುತ್ತದೆ. ನೊಗವನ್ನು ಮುಂದಿನ ಕಚ್ಚಿಗೆ ಕಟ್ಟಿದರೆ ಈಸು, ಅಂದರೆ ನೇಗಿಲಿನಿಂದ ನೊಗದವರೆಗಿನ ಮರ, ಉದ್ದವಾದಂತೆ. ಅದು ಮಲಗುತ್ತದೆ, ಅದಕ್ಕೆ ಬಿಗಿದ ಗುಳದ ಮೂತಿ ಕೆಳಗೆ ಬಾಗುತ್ತದೆ, ಮಣ್ಣಿನೊಳಕ್ಕೆ ಇಳಿಯುತ್ತದೆ. ಹಿಂದಿನ ಕಚ್ಚಿಗೆ ಕಟ್ಟಿದರೆ ಮೂತಿ ಮೇಲೇಳುತ್ತದೆ. ಟ್ರ್ಯಾಕ್ಟರಿನಲ್ಲಿ ಈ ಕೆಲಸ ಟಾಪ್ ಲಿಂಕಿನದು. ಅದನ್ನು ತಿರುಗಿಸಿ ಗಿಡ್ಡ ಮಾಡಿದರೆ ಉಪಕರಣದ ತಲೆ ಮುಂದಕ್ಕೆ ಬಂದು ಗುಳ ಆಳಕ್ಕೆ ಕಚ್ಚುತ್ತದೆ. ಉದ್ದ ಮಾಡಿದರೆ ಸಡಿಲ.

ಆದರೆ ಕ್ವಿಕ್ ಹಿಚ್ ಹಾಕಿದ ಮೇಲೆ ಟಾಪ್ ಲಿಂಕ್ ತ್ರಿಕೋನದ ತುದಿಗೆ ಸಿಕ್ಕಿಕೊಂಡೇ ಇರುತ್ತದೆ. ರೋಟರಿ ಸಮನಾಗಿ ಕೂರಬೇಕು. ಕಲ್ಟಿವೇಟರ್ ಒಂಚೂರು ಮೂತಿ ತಗ್ಗಿಸಿರಬೇಕು. ಪ್ರತಿ ಸಲ ಇಳಿದು ಟಾಪ್ ಲಿಂಕ್ ತಿರುಗಿಸುವುದಾದರೆ ಕ್ವಿಕ್ ಹಿಚ್ ಎಂಬ ಹೆಸರೇಕೆ? ನಾಲ್ಕು ತೂತುಗಳ ಗುಟ್ಟು ಇದೇ. ಉಪಕರಣಕ್ಕೆ ಅದರ ತ್ರಿಕೋನವನ್ನು ಸಿಕ್ಕಿಸುವಾಗಲೇ ಬೇಕಾದ ಓರೆಯನ್ನು ಒಮ್ಮೆ ಸರಿಮಾಡಿಟ್ಟುಬಿಟ್ಟರೆ, ಆಮೇಲೆ ಟಾಪ್ ಲಿಂಕ್ ಮುಟ್ಟುವುದೇ ಬೇಡ. ತಾತ ಆ ಬ್ರಾಕೆಟ್ ಮೇಲೆ ಬೆರಳಾಡಿಸಿ “ಇದೂ ಕಚ್ಚೇ” ಎಂದರು. ವೆಲ್ಡಿಂಗ್ ಶಾಪಿನವರು ನಕ್ಕು ತಲೆಯಾಡಿಸಿದರು. ಹೆಸರು ಹೊಸದು, ಲೋಹ ಹೊಸದು, ಕೋನದ ಲೆಕ್ಕ ಅದೇ.

ಈಗ ಕ್ವಿಕ್ ಹಿಚ್ ನಮ್ಮಿಂದ ಏನು ಕಿತ್ತುಕೊಳ್ಳುತ್ತದೆ ಎಂಬುದನ್ನೂ ಹೇಳಬೇಕು. ತ್ರಿಕೋನಗಳಿಗೆ ದಪ್ಪವಿದೆಯಲ್ಲ, ಅಷ್ಟು ದೂರ ಉಪಕರಣ ಹಿಂದಕ್ಕೆ ಹೋಗುತ್ತದೆ. ಹತ್ತು ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಹತ್ತು ಸೆಂ.ಮೀ. ಏನು ದೊಡ್ಡದು? ಅರ್ಧ ಬಕೆಟ್ ನೀರನ್ನು ಮೈಗೆ ತಾಗಿಸಿ ಹಿಡಿಯಿರಿ. ನಿಧಾನವಾಗಿ ಕೈ ಚಾಚಿ. ನೀರು ಅಷ್ಟೇ, ಆದರೆ ತೋಳು ನಡುಗತೊಡಗುತ್ತದೆ. ತೂಕದಷ್ಟೇ ದೂರವೂ ಮುಖ್ಯ.

ಲೆಕ್ಕ ಹಾಕೋಣ, ಸುಲಭದ ಅಂಕಿಗಳಲ್ಲಿ. ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದೆ 400 ಕಿಲೋ ರೋಟರಿ. ಮುಂದಿನ ಚಕ್ರ ಅಚ್ಚಿನಿಂದ 2 ಮೀಟರ್ ಮುಂದೆ. ರೋಟರಿಯನ್ನು ಎತ್ತಿದಾಗ ಟ್ರ್ಯಾಕ್ಟರ್ ಒಂದು ಏತದಂತೆ. ಹಿಂದೆ ಭಾರ, ನಡುವೆ ಹಿಂದಿನ ಚಕ್ರ, ಮುಂದೆ ಮೂತಿ. 400ನ್ನು 1.2ರಿಂದ ಗುಣಿಸಿ 2ರಿಂದ ಭಾಗಿಸಿದರೆ 240. ಮುಂದಿನ ಚಕ್ರಗಳ ಮೇಲಿನ ಭಾರದಲ್ಲಿ 240 ಕಿಲೋ ಕಡಿಮೆಯಾಯಿತು. ಕ್ವಿಕ್ ಹಿಚ್ ಬಂದು 1.3 ಮೀಟರ್ ಆದರೆ 260. ಹಿಚ್‌ನದೇ ತೂಕ ಸೇರಿ ಇನ್ನೂ ಸುಮಾರು 20. ಒಟ್ಟು 40 ಕಿಲೋ ಹೆಚ್ಚುವರಿಯಾಗಿ ಮುಂದಿನಿಂದ ಹೋಯಿತು. ನಿಮ್ಮ ತರಗತಿಯ ಒಬ್ಬ ಹುಡುಗ ಬಾನೆಟ್ ಮೇಲಿಂದ ಇಳಿದು ಹೋದ ಹಾಗೆ. ಸಮತಟ್ಟು ನೆಲದಲ್ಲಿ ಇದು ಗೊತ್ತಾಗದಿರಬಹುದು. ಎಚ್.ಡಿ. ಕೋಟೆ ಕಡೆಯ ಏರು ಹೊಲಗಳಲ್ಲಿ, ಬದು ಹತ್ತಿಸುವಾಗ, ಮೂತಿ ಹಗುರಾದರೆ ಸ್ಟೀರಿಂಗ್ ತಿರುಗಿಸಿದರೂ ಚಕ್ರ ನೆಲ ಹಿಡಿಯುವುದಿಲ್ಲ. ಅದಕ್ಕೇ ಟ್ರ್ಯಾಕ್ಟರಿನ ಮೂತಿಯಲ್ಲಿ ಪುಸ್ತಕ ಜೋಡಿಸಿಟ್ಟ ಹಾಗೆ ಕಬ್ಬಿಣದ ತೂಕಗಳನ್ನು ತೂಗುಹಾಕುವುದು. ಇಷ್ಟು ದಿನ ಅವು ಶೃಂಗಾರಕ್ಕೆಂದು ತಿಳಿದಿದ್ದ ಹುಡುಗಿ ಈ ಲೆಕ್ಕ ಮಾಡಿದ ಮೇಲೆ ಶೆಡ್ಡಿಗೆ ಹೋಗಿ ಅವನ್ನು ಎಣಿಸಿ ಬಂದಳು.

ಆ ಹತ್ತು ಸೆಂ.ಮೀ. ಇನ್ನೊಂದು ಕಡೆಯೂ ತೊಂದರೆ ಕೊಡುತ್ತದೆ. ರೋಟರಿಯನ್ನು ತಿರುಗಿಸುವ ಶಕ್ತಿ ಟ್ರ್ಯಾಕ್ಟರಿನ ಹಿಂದಿನಿಂದ ಹೊರಬರುವ ಪಿಟಿಒ ಎಂಬ ಗೂಟದಿಂದ ಬರುತ್ತದೆ. ನಡುವೆ ಒಂದು ಉದ್ದನೆಯ ಶಾಫ್ಟ್. ಹಳೆಯ ರೇಡಿಯೊದ ಆಂಟೆನಾದಂತೆ ಅದರಲ್ಲಿ ಒಂದರೊಳಗೊಂದು ಜಾರುವ ಎರಡು ಕೊಳವೆಗಳಿವೆ. ಉಪಕರಣ ಹಿಂದೆ ಸರಿದರೆ ಆ ಕೊಳವೆಗಳು ಅಷ್ಟು ಹೊರಗೆ ಎಳೆದುಕೊಳ್ಳುತ್ತವೆ. ಉಳಿದ ಹಿಡಿತ ಸಾಲದಿದ್ದರೆ, ತಗ್ಗು ದಿಣ್ಣೆಯಲ್ಲಿ ಅವು ಕಳಚಿಕೊಳ್ಳಬಹುದು. ಕನಿಷ್ಠ ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು. ಇಲ್ಲದಿದ್ದರೆ ಉದ್ದನೆಯ ಶಾಫ್ಟ್ ತರಬೇಕು. ಮಾವ ತಂದರು, ಖರ್ಚು ನೋಡಲಿಲ್ಲ.

ಶಾಫ್ಟ್ ವಿಷಯದಲ್ಲಿ ಖರ್ಚು ನೋಡಬಾರದು. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅರುವತ್ತರಿಂದ ಭಾಗಿಸಿ ನೋಡಿ, ಸೆಕೆಂಡಿಗೆ ಒಂಬತ್ತು. ನೀವು ‘ಅಮ್ಮ’ ಎಂದು ಕೂಗಿ ಮುಗಿಸುವುದರೊಳಗೆ ಒಂಬತ್ತು ಸುತ್ತು. ದುಪಟ್ಟಾ, ಟವೆಲ್ಲಿನ ತುದಿ, ಪಂಚೆಯ ಅಂಚು, ಬಿಚ್ಚಿದ ಜಡೆ, ಏನು ತಗುಲಿದರೂ ಬಿಡಿಸಿಕೊಳ್ಳಲು ಸಮಯವಿಲ್ಲ. ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಇರಲೇಬೇಕು. ಮೂರು ಬಿಂದುಗಳನ್ನು ಸೀಟಿನಿಂದಲೇ ಸಿಕ್ಕಿಸಬಹುದು, ಆದರೆ ಈ ಶಾಫ್ಟನ್ನು ಈಗಲೂ ಕೈಯಿಂದಲೇ ಸಿಕ್ಕಿಸಬೇಕು. ಎಂಜಿನ್ ಪೂರ್ತಿ ಆಫ್ ಮಾಡಿ, ಕೀಲಿ ಜೇಬಿನಲ್ಲಿಟ್ಟುಕೊಂಡು. ಆ ಮನೆಯಲ್ಲಿ ಕೀಲಿ ಈಗ ತಾತನ ಕೈಯಲ್ಲಿರುತ್ತದೆ. ಶಾಫ್ಟ್ ಕೂರಿಸಿದವರು ಆಚೆ ಬಂದು ನಿಂತ ಮೇಲೆಯೇ ಅವರು ಅದನ್ನು ಕೊಡುವುದು.

ಸಣ್ಣಪುಟ್ಟ ಹೊಂದಾಣಿಕೆಗಳು ಇನ್ನೂ ಇದ್ದವು. ಟ್ರೈಲರ್ ಎಳೆಯುವಾಗ ಹಿಚ್‌ನ ತ್ರಿಕೋನ ತಿರುವಿನಲ್ಲಿ ಅದರ ಮೂತಿಗೆ ತಗುಲುತ್ತಿತ್ತು. ಹಾಗಾಗಿ ಗೊಬ್ಬರ ಹೊಡೆಯುವ ದಿನ ಅದನ್ನು ಬಿಚ್ಚಿಡುತ್ತಾರೆ. ಕೆ.ಆರ್. ನಗರದ ಕಡೆಯ ನಾಲೆ ಬಯಲಿನಲ್ಲಿ ಗದ್ದೆ ಕೆಸರು ಮಾಡುವವರಿಗೆ ದಿನವಿಡೀ ಒಂದೇ ಉಪಕರಣದ ಕೆಲಸ. ಅವರಿಗೆ ಇದರ ಅಗತ್ಯ ಅಷ್ಟಿಲ್ಲ ಎಂದು ನನಗನ್ನಿಸುತ್ತದೆ. ಕೆಸರು ಕೊಂಡಿಯ ಸ್ಪ್ರಿಂಗಿನೊಳಗೆ ಸೇರಿ ಒಣಗಿದರೆ ಅದು ಪೂರ್ತಿ ಬೀಳುವುದೂ ಇಲ್ಲ. ಕೊಂಡಿ ಬಿದ್ದ ಮೇಲೆ ಅದಕ್ಕೊಂದು ಲಾಕ್ ಪಿನ್ ಹಾಕಿ, ಉಪಕರಣವನ್ನು ಒಮ್ಮೆ ಎತ್ತಿಳಿಸಿ ನೋಡಿಯೇ ರಸ್ತೆಗಿಳಿಯಬೇಕು. ಹೊಗೆಸೊಪ್ಪು ಕಿತ್ತು ಅದೇ ಹೊಲಕ್ಕೆ ರಾಗಿಯನ್ನೋ ಹುರುಳಿಯನ್ನೋ ಹಾಕುವ ಹುಣಸೂರು, ಪಿರಿಯಾಪಟ್ಟಣದವರಿಗೆ, ಮುಸುಕಿನ ಜೋಳ, ಹತ್ತಿ, ಶುಂಠಿ ಎಂದು ಹೊಲಕ್ಕೊಂದು ಬೆಳೆ ಇಡುವವರಿಗೆ ಇದು ನಿಜಕ್ಕೂ ಕೈಹಿಡಿಯುವ ವಸ್ತು.

ಕ್ವಿಕ್ ಹಿಚ್‌ಗೆ ಇನ್ನೊಂದು ಶಿಸ್ತು ಬೇಕು. ಉಪಕರಣವನ್ನು ಎಲ್ಲೆಂದರಲ್ಲಿ ಎಸೆದು ಹೋಗುವಂತಿಲ್ಲ. ಅದು ನೆಟ್ಟಗೆ, ಸಮತಟ್ಟಾದ ಜಾಗದಲ್ಲಿ ನಿಂತಿದ್ದರೆ ಮಾತ್ರ ತ್ರಿಕೋನಕ್ಕೆ ತ್ರಿಕೋನ ಸಿಗುತ್ತದೆ. ಕಲ್ಟಿವೇಟರ್‌ಗೆ ಆಂಗಲ್ ಕಬ್ಬಿಣದಿಂದ ಎರಡು ಮಡಚುವ ಕಾಲು ಮಾಡಿಸಿದರು. ಶೆಡ್ಡಿನ ನೆಲದ ಮೇಲೆ ಹುಡುಗಿ ಸುಣ್ಣದ ಕಡ್ಡಿಯಿಂದ ಎರಡು ಉದ್ದನೆಯ ಗೆರೆ ಎಳೆದಳು, ಟ್ರ್ಯಾಕ್ಟರಿನ ಹಿಂದಿನ ಟೈರುಗಳು ಬರಬೇಕಾದ ದಾರಿ. ವೆಲ್ಡಿಂಗ್ ಶಾಪಿನ ಗೋಡೆಯಿಂದ ಕಲಿತ ವಿದ್ಯೆ.

ಮಾರನೆಯ ಬೆಳಿಗ್ಗೆ ಅವಳಪ್ಪ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದಾಗ ನಾವೆಲ್ಲ ಜಗಲಿಯ ಮೇಲೆ ನಿಂತು ನೋಡುತ್ತಿದ್ದೆವು. ಹಾರೆ ಗೋಡೆಗೆ ಒರಗಿಕೊಂಡಿತ್ತು. ಎಡ ಟೈರು ಗೆರೆಯಿಂದ ಎರಡು ಬೆರಳು ಆಚೆ ಹೋಯಿತು. “ಅಪ್ಪ, ಗೆರೆ ತಪ್ತು!” ಎಂದು ಅವಳು ಕೂಗಿದಳು. ಅವರು ನಿಲ್ಲಿಸಲಿಲ್ಲ, ಲಿಫ್ಟ್ ಎತ್ತಿದರು. ಕಲ್ಟಿವೇಟರ್ ಒಂದು ಸಲ ಪಕ್ಕಕ್ಕೆ ಮಿಸುಕಿ, ತನ್ನ ಜಾಗಕ್ಕೆ ಸರಿದುಕೊಂಡಿತು. ಟಕ್.

ಹುಡುಗಿ ವಾಚು ನೋಡಲು ಮರೆತೇಬಿಟ್ಟಿದ್ದಳು.